ಸೆಟ್ಟಾ, ರನ್ನಾ?

ನಿನ್ನೆ ಸಂಜೆ ದೊಡ್ಡಪ್ಪ ನಮ್ಮ ಮನೆಯ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಅದರ ಮೇಲೆ ಶುರುವಾದ ವಾದ ಮಲಗುವ ಹೊತ್ತಾದರೂ ಮುಗಿಯಲಿಲ್ಲ. ನಡುವೆ ಬಂದ ಗುಡ್ ನೈಟ್ ಚಿತ್ರಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಇಳಿಸಿದ್ದೇನೆ.

ದೊಡ್ಡಪ್ಪ: "ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು ಗೊತ್ತಾ? ಸೆಟ್! ಮೂರೇ ಅಕ್ಷರ, 430 ಅರ್ಥ! ಬೇರೆ ಯಾವ ಭಾಷೆಗೂ ಈ ಭಾಗ್ಯ ಇಲ್ಲ. ಹತ್ತು ಜನಕ್ಕೆ ಕಳಿಸಿ."

ಅತ್ತೆ: ಅಣ್ಣ, ಕನ್ನಡದಲ್ಲಿ ಬರೆದರೆ ಎರಡೇ ಅಕ್ಷರ 😄

ನಾನು: ದೊಡ್ಡಪ್ಪ, ಇದು ಹಳೇ ಲೆಕ್ಕ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನದು. ಅದರಲ್ಲಿ ಸೆಟ್ ಅನ್ನುವ ಕ್ರಿಯಾಪದ ಒಂದಕ್ಕೇ 430ಕ್ಕೂ ಜಾಸ್ತಿ ಅರ್ಥ. ವಿವರಣೆಯೇ ಸುಮಾರು 60,000 ಪದ. ಆಮೇಲೆ ನಿಘಂಟನ್ನು ತಿದ್ದುತ್ತಾ ಬಂದರು. ಮೊದಲು ಮೇಕ್ ಅದನ್ನು ಹಿಂದೆ ಹಾಕಿತು, ಆಮೇಲೆ ಪುಟ್. 2011ರ ಹೊತ್ತಿಗೆ ರನ್. ಅದಕ್ಕೆ 645.

ದೊಡ್ಡಪ್ಪ: ರನ್ ಅಂದರೆ ಓಡು. ಅದರಲ್ಲಿ 645 ಎಲ್ಲಿಂದ ಬಂತು? ಸುಮ್ನೆ ಏನೋ ಹೇಳಬೇಡ.

ಅಕ್ಕ: ಮೂಗು ಸೋರಿದರೂ ರನ್, ಬಟ್ಟೆ ಬಣ್ಣ ಬಿಟ್ಟರೂ ರನ್. ಕಾರು ನಿಂತಲ್ಲೇ ನಿಂತಿರುತ್ತದೆ, ಎಂಜಿನ್ ಮಾತ್ರ ರನ್ ಆಗುತ್ತಿರುತ್ತದೆ. ನಾನು ದಿನಾ ಪ್ರೋಗ್ರಾಮ್ ರನ್ ಮಾಡುತ್ತೇನೆ, ಕುರ್ಚಿಯಿಂದ ಏಳುವುದೇ ಇಲ್ಲ!

ನಾನು: ಚುನಾವಣೆ ಬಿಟ್ಟೆ. ನಾವು ಚುನಾವಣೆಗೆ ನಿಲ್ಲುತ್ತೇವೆ, ಬ್ರಿಟನ್ನಿನವರೂ ನಿಲ್ಲುತ್ತಾರೆ. ಅಮೆರಿಕದವರು ಓಡುತ್ತಾರೆ.

ಚಿಕ್ಕಪ್ಪ: ತಡಿ. ಮೂಗು, ನಲ್ಲಿ, ನದಿ, ಬಣ್ಣ ಎಲ್ಲಾ ಹರಿಯುವುದೇ ತಾನೇ? ಒಂದೇ ಅರ್ಥವನ್ನು ನಾಲ್ಕು ಮಾಡಿ ಎಣಿಸಿದರೆ 645 ಏನು, ಸಾವಿರವೂ ಆಗುತ್ತದೆ. ಇದು ಮೋಸ.

(ಚಿಕ್ಕಪ್ಪ ಗ್ರೂಪಿನಲ್ಲಿ ಬಾಯಿ ಬಿಡುವುದೇ ಅಪರೂಪ. ಬಿಟ್ಟರೆ ಹೀಗೆ ಬುಡಕ್ಕೇ ಕೈ ಹಾಕುತ್ತಾರೆ.)

ನಾನು: ಮೋಸ ಅಲ್ಲ ಚಿಕ್ಕಪ್ಪ. ಎಲ್ಲಿ ಕತ್ತರಿಸಬೇಕು ಅನ್ನುವುದೇ ನಿಘಂಟು ಮಾಡುವವರ ಕೆಲಸ. ರನ್ ಒಂದಕ್ಕೇ ಆಕ್ಸ್‌ಫರ್ಡಿನ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತಿದ್ದರು. ಆದರೆ ನೀವು ಹೇಳಿದ್ದೂ ನಿಜ. ಬೇರೆ ನಿಘಂಟು ಬೇರೆ ಕಡೆ ಕತ್ತರಿಸುತ್ತದೆ, ಸಂಖ್ಯೆ ಬದಲಾಗುತ್ತದೆ.

ಅಕ್ಕ: ಸೆಟ್ ಕಥೆ ಇನ್ನೂ ಗೋಜಲು. ಇಡು, ಹೊಂದಿಸು ಅನ್ನುವ ಸೆಟ್ ಹಳೇ ಇಂಗ್ಲಿಷಿನದು. ಸಿಟ್‌ಗೂ ಅದಕ್ಕೂ ಇರುವ ನಂಟು, ಕೂರು ಮತ್ತು ಕೂರಿಸು ಇದ್ದ ಹಾಗೆ. ಗುಂಪು ಅನ್ನುವ ಸೆಟ್ ಬಂದದ್ದು ಹಳೇ ಫ್ರೆಂಚಿನಿಂದ, ಅದರ ಹಿಂದೆ ಲ್ಯಾಟಿನ್. ಆಮೇಲೆ ಎರಡೂ ಒಂದರೊಳಗೊಂದು ಕಲಸಿಹೋದವು.

ಚಿಕ್ಕಪ್ಪ: ಹಾಗಾದರೆ ಅದು ಒಂದು ಪದವೇ ಅಲ್ಲ! ನಮ್ಮಲ್ಲಿ ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ಅದನ್ನು ಒಂದೇ ಪದ ಅಂತೀರಾ?

ದೊಡ್ಡಪ್ಪ: ಸರಿ, ಸಂಖ್ಯೆ ಬಿಡಿ. ಆದರೆ ಇಷ್ಟು ಅರ್ಥ ಹೊರುವ ಪದ ಬೇರೆ ಭಾಷೆಯಲ್ಲಿ ಎಲ್ಲಿದೆ? ಒಂದು ತೋರಿಸಿ.

ಅತ್ತೆ: ಹಾಕು.

ದೊಡ್ಡಪ್ಪ: ಏನು ಹಾಕಲಿ?

ಅತ್ತೆ: ಅಯ್ಯೋ ಅಣ್ಣ, ಪದವೇ ಅದು! ಲೈಟ್ ಹಾಕು ಅಂದರೆ ಹತ್ತುತ್ತದೆ, ಬಾಗಿಲು ಹಾಕು ಅಂದರೆ ಮುಚ್ಚುತ್ತದೆ. ಅಂಗಿ ಹಾಕು, ಓಟು ಹಾಕು, ಕೇಸು ಹಾಕು, ಲೆಕ್ಕ ಹಾಕು. ನೀನು ಬೆಳಿಗ್ಗೆಯಿಂದ ಫಾರ್ವರ್ಡ್ ಹಾಕುತ್ತಿದ್ದೀಯಲ್ಲ, ಅದೂ ಅದೇ.

ಅಕ್ಕ: ಬಿಟ್ಟುಹಾಕು, ತಿಂದುಹಾಕು! ಅಲ್ಲಿ ಯಾರೂ ಏನೂ ಹಾಕುವುದೇ ಇಲ್ಲ 😂

ಚಿಕ್ಕಪ್ಪ: ಹೊಡೆ ಕೂಡ ಇದೆ. ನಿದ್ದೆ ಹೊಡೆದೆ, ಗೋಡೆಗೆ ಬಣ್ಣ ಹೊಡೆದೆ, ಹರಟೆ ಹೊಡೆದೆ. ಯಾರಿಗೂ ಪೆಟ್ಟಾಗಿಲ್ಲ.

ನಾನು: ದಿನವಿಡೀ ದುಡಿಯುವ ಪದ ಹೀಗೇ ಹಿಗ್ಗುತ್ತದೆ ದೊಡ್ಡಪ್ಪ. ಇಂಗ್ಲಿಷಿನ ಪಟ್ಟಿ ನೋಡಿ. ಮೇಕ್, ಪುಟ್, ರನ್, ಸೆಟ್. ಎಲ್ಲಾ ಮಕ್ಕಳಿಗೂ ಗೊತ್ತಿರುವ ಪುಟ್ಟ ಪದಗಳು. ಕಷ್ಟದ ಪದ ಒಂದಾದರೂ ಇದೆಯಾ?

ದೊಡ್ಡಪ್ಪ ಓದಿದರು. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ.

ಬೆಳಿಗ್ಗೆ ಆರಕ್ಕೆ ಮೊಬೈಲು ಟಿಂಗ್ ಅಂತು. ಈ ಸಲ ಫಾರ್ವರ್ಡ್ ಅಲ್ಲ, ಸ್ವತಃ ಟೈಪ್ ಮಾಡಿದ್ದರು.

ದೊಡ್ಡಪ್ಪ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು ಗೊತ್ತಾ? ರನ್! ಮೂರೇ ಅಕ್ಷರ, 645 ಅರ್ಥ! ಹತ್ತು ಜನಕ್ಕೆ ಕಳಿಸಿ.

ಅತ್ತೆ: ಎರಡು, ಅಣ್ಣ.