ಪದಚರ್ಚೆ: ಮೈಸೆನ್ ಪಿಂಗಾಣಿಯ ಇತಿಹಾಸ, ‘ಹಾರ್ಡ್ ಪೇಸ್ಟ್’, ‘ಸಾಫ್ಟ್ ಪೇಸ್ಟ್’ ಕನ್ನಡದಲ್ಲಿ?

ಮಾನ್ಯರೆ,
ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯ ಇತಿಹಾಸವನ್ನು ಪ್ರದರ್ಶನವೊಂದರ ಫಲಕಗಳಿಗಾಗಿ ಕನ್ನಡಿಸುತ್ತಿದ್ದೇನೆ. ಬರಹ ನಾಳೆಯೇ ಅಚ್ಚಿಗೆ ಹೋಗಬೇಕಾಗಿದೆ. ಸ್ಯಾಕ್ಸನಿಯ ದೊರೆ ಆಗಸ್ಟಸ್ ಸೆರೆಯಲ್ಲಿಟ್ಟಿದ್ದ ರಸವಾದಿ ಬ್ಯೋಟ್ಗರ್, ಚಿರ್ನ್‌ಹೌಸ್ ಎಂಬ ವಿದ್ವಾಂಸರೊಡನೆ ದುಡಿದು, ಮೊದಲು ಕಲ್ಲಿನಂತೆ ಗಟ್ಟಿಯಾದ ಕೆಂಪು ಪಾತ್ರೆಗಳನ್ನೂ ಆಮೇಲೆ ‘ಹಾರ್ಡ್ ಪೇಸ್ಟ್’ ಬಿಳಿ ಪಿಂಗಾಣಿಯನ್ನೂ ಸಾಧಿಸಿದ. 1710ರಲ್ಲಿ ಕಾರ್ಖಾನೆ ಆಲ್ಬ್ರೆಕ್ಟ್ಸ್‌ಬುರ್ಗ್ ಕೋಟೆಯೊಳಗೆ ನೆಲೆಗೊಂಡಿತು. ಫ್ರಾನ್ಸಿನ ಸೆವ್ರ್ ಕಾರ್ಖಾನೆ ಆರಂಭದಲ್ಲಿ ತಯಾರಿಸುತ್ತಿದ್ದುದು ‘ಸಾಫ್ಟ್ ಪೇಸ್ಟ್’. ‘ಗಡಸು’, ‘ಮೃದು’ ಎಂದು ಬರೆದರೆ ಓದುಗರು ಮುಟ್ಟಿದಾಗಿನ ಮೆತುವೆಂದು ತಿಳಿಯುವುದಿಲ್ಲವೇ?

ಮರುಪತ್ರ:
‘ಪಿಂಗಾಣಿ’ಯೇ ಕನ್ನಡವಲ್ಲದಿರುವಾಗ ಅದರ ಒಳಭೇದಗಳ ಚರ್ಚೆ ವ್ಯರ್ಥ. ‘ಬೆಳ್ಮಣ್ಣು’ ಎನ್ನಿ.

ಮರುಪತ್ರ:
‘ಬೆಳ್ಮಣ್ಣು’ ನಡೆಯದು. ಪಿಂಗಾಣಿಗೆ ಬಳಸುವ ಕೇಯೊಲಿನ್ ಎಂಬುದೇ ಬಿಳಿ ಮಣ್ಣು. ಬ್ಯೋಟ್ಗರ್ ಬೆಳ್ಮಣ್ಣಿಗೆ ಅಲಬಾಸ್ಟರ್ ಕಲ್ಲು ಬೆರೆಸಿ ಸುಟ್ಟು ಬೆಳ್ಮಣ್ಣನ್ನು ಕಂಡುಹಿಡಿದನೆಂದು ಫಲಕದಲ್ಲಿ ಬರೆಯಲಾದೀತೇ? ‘ಪಿಂಗಾಣಿ’ ಪಾರಸಿಯ ‘ಪಿಂಗಾನ್’ನಿಂದ, ಅಂದರೆ ಬಟ್ಟಲಿನಿಂದ, ಬಂದಿರುವುದು ನಿಜ, ಯುರೋಪಿನ ‘ಪೋರ್ಸಲೇನ್’ ಕೂಡ ಇಟಲಿಯವರು ಕವಡೆಗೆ ಹೇಳುತ್ತಿದ್ದ ಮಾತು, ‘ಕೇಯೊಲಿನ್’ ಚೀನಾದ ಜಿಂಗ್‌ಡೆಜನ್ ಬಳಿಯ ಗಾವೊಲಿಂಗ್ ಗುಡ್ಡದ ಹೆಸರು. ವಸ್ತುವಿನ ಗುಟ್ಟನ್ನೇ ಚೀನಾದಿಂದ ಅರಸುತ್ತಿದ್ದವರು ಹೆಸರಿಗೆ ನಾಚಲಿಲ್ಲ.

ಕೇಳಿದವರ ಅನುಮಾನ ಸರಿಯಾಗಿದೆ. ಇಲ್ಲಿನ ಮುಖ್ಯ ಭೇದ ಮಣ್ಣಿನ ಬೆರಕೆಯದು, ಅದು ತಾಳುವ ಬೆಂಕಿಯದು. ಕೇಯೊಲಿನ್ ಸಿಗದಿದ್ದ ಫ್ರೆಂಚರು ಮಣ್ಣಿಗೆ ಗಾಜಿನಂಥ ಪುಡಿ ಬೆರೆಸುತ್ತಿದ್ದರು. ಆ ‘ಸಾಫ್ಟ್ ಪೇಸ್ಟ್’ ಪಾತ್ರೆಯ ಮೈ ಹೆಚ್ಚು ಕಾವಿನಲ್ಲಿ ಕುಸಿಯುತ್ತಿತ್ತು. ಮೈಸೆನ್ನಿನದು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ತಾಳುತ್ತಿತ್ತು. 1768ರಲ್ಲಿ ಲಿಮೋಜ್ ಬಳಿಯ ಸೆಂತ್-ಇರ್ಯೆಯಲ್ಲಿ ಕೇಯೊಲಿನ್ ದೊರೆತ ಮೇಲೆಯೇ ಸೆವ್ರ್ ‘ಹಾರ್ಡ್ ಪೇಸ್ಟ್’ ತಯಾರಿಕೆಗೆ ಕೈಹಾಕಿದ್ದು. ಆದ್ದರಿಂದ ‘ಬಿರುಗಾವಿನ ಪಿಂಗಾಣಿ’, ‘ಮೆಲುಗಾವಿನ ಪಿಂಗಾಣಿ’ ಎಂದು ಬರೆಯಿರಿ. ಆದೇಶ ಸಂಧಿಗೂ ಅಡ್ಡಿಯಿಲ್ಲ. ‘ಪೇಸ್ಟ್’ ಪದವನ್ನು ಬೇರೆಯಾಗಿ ಅನುವಾದಿಸುವ ಅಗತ್ಯವೇ ಬೀಳುವುದಿಲ್ಲ.

ಮರುಪತ್ರ:
‘ಬಿರುಗಾವು’ ಒಪ್ಪಿದೆ. ಯುರೋಪಿನವರು ಎರವಲು ತಂದರೆಂಬುದು ನಮ್ಮ ಸೋಮಾರಿತನಕ್ಕೆ ನೆವವಾಗಲಾರದು, ‘ಪಿಂಗಾಣಿ’ಯನ್ನು ಒಪ್ಪಿಲ್ಲ.