ಸಿಗಡಿ ಬಿಟ್ಟದ್ದು ಪೊರೆಯೋ, ಚಿಪ್ಪೋ, ಸಿಪ್ಪೆಯೋ?

ಒಂದು ಪದದ ತಪ್ಪಿನಿಂದ ಕಾರವಾರದಲ್ಲಿ ಹನ್ನೊಂದು ಸಿಗಡಿಗಳು ಸತ್ತವು. ತಪ್ಪು ನನ್ನದು, ಪದ ‘ಚಿಪ್ಪು’. ಆ ಜಾಗದಲ್ಲಿ ಏನು ಬರೆಯಬೇಕಿತ್ತು ಎಂದು ಬಲ್ಲವರನ್ನು ಕೇಳುತ್ತಿದ್ದೇನೆ.

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ನೀರ್ಗಿಡಗಳು, ಒಂದಿಷ್ಟು ಗಪ್ಪಿ ಮೀನು ಮತ್ತು ಒಂದಿಂಚು ದಾಟದ ಕೆಂಪು ಚೆರ್ರಿ ಸಿಗಡಿಗಳಿವೆ. ಕಾರವಾರದಲ್ಲಿ ಕೆಲಸಕ್ಕಿರುವ ಸೋದರಳಿಯ ದೀಪಾವಳಿಗೆ ಬಂದಾಗ ಅದರ ಮುಂದೆ ಕುಳಿತವನು ಏಳಲೇ ಇಲ್ಲ. ತಾನೂ ಒಂದು ತೊಟ್ಟಿ ಮಾಡಿದ. ನೀರು ಹದಕ್ಕೆ ಬರಲಿ ಎಂದು ಆರು ವಾರ ಕಾಯಿಸಿ, ಇಪ್ಪತ್ತು ಸಿಗಡಿಗಳನ್ನೂ ಜಾವಾ ಮಾಸ್ ಎಂಬ ನೀರ್ಗಿಡವನ್ನು ಒಂದು ಮುಷ್ಟಿಯಷ್ಟೂ ಕೊಟ್ಟೆ. ಜೊತೆಗೆ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲೇ ಬರೆದುಕೊಟ್ಟೆ. ಅದರ ಎರಡು ಸಾಲು ಹೀಗಿದ್ದವು:

“ಚಿಪ್ಪನ್ನು ತೊಟ್ಟಿಯಿಂದ ತೆಗೆಯಬೇಡ. ಅದರಲ್ಲಿ ಸುಣ್ಣವಿದೆ, ಸಿಗಡಿಗೆ ಬೇಕು.”

“ಸತ್ತ ಸಿಗಡಿ ಕಂಡರೆ ಕೂಡಲೇ ತೆಗೆ. ನೀರು ಕೆಡುತ್ತದೆ.”

ಮೊದಲ ಸಾಲಿನಲ್ಲಿ ನಾನು ಹೇಳಹೊರಟದ್ದು ಸಿಗಡಿ ಬೆಳೆಯುವಾಗ ಮೈಮೇಲಿಂದ ಬಿಟ್ಟುಹೋಗುವ ಹೊರಕವಚವನ್ನು. ಆದರೆ ಅದೇ ಚೀಲದಲ್ಲಿ ನಾಲ್ಕು ಬಳಚಿನ ಚಿಪ್ಪುಗಳನ್ನೂ ಹಾಕಿ ಕಳಿಸಿದ್ದೆ. ಬಳಚು ಎಂದರೆ ಎರಡು ಹೋಳಿನ ಚಿಪ್ಪಿನೊಳಗೆ ಬದುಕುವ ಜಲಪ್ರಾಣಿ. ಚಿರೇಕಲ್ಲಿನ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿ, ಸುಣ್ಣದ ಅಂಶ ಕಡಿಮೆ. ಅಘನಾಶಿನಿಯ ದಂಡೆಯಿಂದ ತಂದ ಬಳಚಿನ ಚಿಪ್ಪನ್ನು ತೊಳೆದು ತೊಟ್ಟಿಯಲ್ಲಿಟ್ಟರೆ ನಿಧಾನವಾಗಿ ಕರಗಿ ಆ ಕೊರತೆಯನ್ನು ಒಂದಷ್ಟು ತುಂಬುತ್ತದೆ. ಅಳಿಯ ಕರಾವಳಿಯಲ್ಲಿ ಇರುವವನು. ‘ಚಿಪ್ಪು’ ಎಂದು ಓದಿದ, ಬಳಚನ್ನು ನೋಡಿದ, ಸರಿಯಾಗಿಯೇ ಅರ್ಥ ಮಾಡಿಕೊಂಡ. ಅರ್ಥ ಬೇರೆಯದಾಗಿತ್ತು, ಅಷ್ಟೆ.

ಒಂಬತ್ತನೆಯ ದಿನ ಬೆಳಗ್ಗೆ ಮಾಸಿನ ಮೇಲೆ ಅವನಿಗೆ ಒಂದು ಸಿಗಡಿ ಕಂಡಿತು. ಗಾಜಿನಂತೆ ಪಾರದರ್ಶಕ, ಅಲುಗಾಟವಿಲ್ಲ. ಮೀಸೆ, ಕಾಲು, ಕೊನೆಗೆ ಕಣ್ಣಿನ ಮೇಲಿನ ಮುಚ್ಚಳವೂ ಇತ್ತು. ಸೂಚನೆಯ ಎರಡನೆಯ ಸಾಲು ನೆನಪಾಗಿ ಚಿಮಟದಿಂದ ಎತ್ತಿ ಎಸೆದ. ಮೂರು ದಿನಗಳಲ್ಲಿ ಮತ್ತೆರಡು. ಏನೋ ರೋಗ ಬಂದಿದೆ ಎಂದುಕೊಂಡು, ನನ್ನನ್ನು ಕೇಳದೆ, ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ನೀಲಿ ಔಷಧಿ ತಂದು ಲೆಕ್ಕದ ಪ್ರಕಾರ ಹನಿ ಹಾಕಿದ. ಮರುದಿನ ಬೆಳಗ್ಗೆ ಫೋನು.

“ಮಾವ, ಹನ್ನೊಂದು ಹೋದವು.”

“ಯಾವ ಔಷಧಿ ಹಾಕಿದೆ? ಅದರಲ್ಲಿ ಕಾಪರ್ ಇದೆಯೋ ನೋಡು.”

“ಇದೆ. ಇದ್ದರೇನು? ಮೀನುಗಳು ಚೆನ್ನಾಗಿಯೇ ಇವೆ.”

“ಮೈಲುತುತ್ತ ಮಾರಾಯ ಅದು!”

ಆಚೆಯಿಂದ ಸದ್ದಿಲ್ಲ. ಅಡಿಕೆ ತೋಟದ ಮನೆಯಲ್ಲಿ ಬೆಳೆದವನಿಗೆ ಆಮೇಲೆ ಏನನ್ನೂ ವಿವರಿಸಬೇಕಾಗಲಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಬಕೆಟ್ಟನ್ನು ಬಾವಿಕಟ್ಟೆಯ ಹತ್ತಿರ ತರಲು ಅಜ್ಜ ಬಿಡುತ್ತಿರಲಿಲ್ಲ. ‘ಕಾಪರ್’ ಎಂದಾಗ ಕಿವಿಗೆ ಬೀಳದ ಅಪಾಯ ‘ಮೈಲುತುತ್ತ’ ಎಂದಾಗ ಬಿತ್ತು. ಔಷಧಿಯ ಅಳತೆಯಲ್ಲಿ ಮೀನು ತಾಳಿಕೊಳ್ಳುವ ತಾಮ್ರವನ್ನು ಸಿಗಡಿ ತಾಳಿಕೊಳ್ಳುವುದಿಲ್ಲ. ವಿಚಿತ್ರವೆಂದರೆ ಸಿಗಡಿಯ ರಕ್ತ ಆಮ್ಲಜನಕವನ್ನು ಹೊರುವುದೇ ತಾಮ್ರದಿಂದ, ನಮ್ಮದು ಕಬ್ಬಿಣದಿಂದ ಹೊರುವಂತೆ. ಬೇಕಾದದ್ದೇ ಹೆಚ್ಚಾದರೆ ವಿಷ. ಉಳಿದ ಒಂಬತ್ತನ್ನು ಬೇರೆ ನೀರಿಗೆ ಹಾಕಿಸಿದೆ, ಬದುಕಿಕೊಂಡವು.

ಈಗ ಪದಕ್ಕೆ ಬರುತ್ತೇನೆ. ‘ಚಿಪ್ಪು’ ಏಕೆ ಹೊಂದಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಆಮೆಯ ಚಿಪ್ಪು, ಮುತ್ತಿನ ಚಿಪ್ಪು, ಬಳಚಿನ ಚಿಪ್ಪು: ಇವೆಲ್ಲ ಪ್ರಾಣಿಯ ಜೊತೆಗೇ ಬೆಳೆಯುವ ಜೀವಮಾನದ ಮನೆಗಳು. ಯಾವುದನ್ನೂ ಒಡೆಯ ಬಿಟ್ಟುಹೋಗುವುದಿಲ್ಲ. ಖಾಲಿ ಚಿಪ್ಪು ಸಿಕ್ಕಿತೆಂದರೆ ಒಳಗಿದ್ದದ್ದು ಸತ್ತಿದೆ ಎಂದೇ ಅರ್ಥ. ಅಂದರೆ ಅಳಿಯ ಅದನ್ನು ಚಿಪ್ಪು ಎಂದು ತಿಳಿದಿದ್ದರೂ ಸತ್ತಿತೆಂದೇ ಎಣಿಸುತ್ತಿದ್ದ.

‘ಸಿಪ್ಪೆ’ ನನಗೆ ಅಡುಗೆಮನೆಯ ಪದ. ಸಿಪ್ಪೆಯನ್ನು ಸುಲಿಯುವವರು ಬೇರೆಯವರು. ಬಾಳೆಹಣ್ಣು ತಾನಾಗಿ ಸುಲಿದುಕೊಳ್ಳುವುದಿಲ್ಲ, ಅಡಿಕೆಯೂ ಇಲ್ಲ. ಮೀನು ತಿನ್ನುವ ಮನೆಗಳಲ್ಲಿ ಸಿಗಡಿಯ ಸಿಪ್ಪೆ ತೆಗೆಯುತ್ತಾರೆ, ಅಲ್ಲಿ ಅದು ಸರಿ. ಆದರೆ ಸಿಪ್ಪೆ ಎಂದರೆ ಎಸೆಯುವುದು ಎಂಬ ಭಾವ ಅಂಟಿಕೊಂಡಿದೆ. “ಸಿಪ್ಪೆಯನ್ನು ಎಸೆಯಬೇಡ” ಎಂದು ಬರೆದರೆ ಓದುವವನು ಎರಡು ಸಲ ಓದಬೇಕಾಗುತ್ತದೆ. ಸಿಗಡಿಗಂತೂ ಅದು ಊಟ. ಬಿಟ್ಟದ್ದನ್ನು ತಾನೇ, ಅಥವಾ ಪಕ್ಕದವು, ಕೆರೆದು ತಿಂದು ಸುಣ್ಣವನ್ನು ಮರಳಿ ಪಡೆಯುತ್ತವೆ.

ಸಂಸ್ಕೃತದಿಂದ ತರಬಹುದು. ಹಾವು ಬಿಟ್ಟದ್ದಕ್ಕೆ ‘ನಿರ್ಮೋಕ’ ಇದೆ, ‘ಕಂಚುಕ’ ಇದೆ. ಕಂಚುಕ ಚೆಂದ, ಅದಕ್ಕೆ ಕವಚ ಎಂಬ ಅರ್ಥವೂ ಇರುವುದರಿಂದ ಸಿಗಡಿಗೆ ಹೆಚ್ಚು ಒಪ್ಪುತ್ತದೆ. ಆದರೆ “ತೊಟ್ಟಿಯಿಂದ ಕಂಚುಕವನ್ನು ತೆಗೆಯಬೇಡ” ಎಂದು ಬರೆದುಕೊಟ್ಟರೆ ಅಳಿಯ ಅದನ್ನು ತಾಳಮದ್ದಳೆಯ ಅರ್ಥದಂತೆ ಓದಿಯಾನು.

ಆಯಿಗೆ ಬೇರೆಯೇ ಅಭಿಪ್ರಾಯ. ನಮ್ಮ ಮನೆಯಲ್ಲಿ ಸಿಗಡಿ ತಿನ್ನುವವರಿಲ್ಲ, ಹಾಗಾಗಿ ಅದಕ್ಕೆ ಮನೆಮಾತಿನ ಪದವೇ ಇಲ್ಲ. ಆಯಿ ಇಂದಿಗೂ ‘ನಿನ್ನ ನೀರುಹುಳ’ ಎನ್ನುತ್ತಾಳೆ. ಒಂದು ಸಂಜೆ ಕವಚ ಬಿಟ್ಟಿದ್ದನ್ನು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, “ಇದು ಹಾಳೆಯಲ್ಲವೋ? ಮರ ಬೆಳೆಯಿತು, ಹಾಳೆ ಕಳಚಿತು” ಎಂದಳು. ಅವಳು ಹೇಳಿದ್ದು ಅಡಿಕೆ ಸೋಗೆಯ ಬುಡದ ಹಾಳೆಯನ್ನು. ಬೆಳವಣಿಗೆಯ ಒತ್ತಡಕ್ಕೆ ಇಡಿಯಾಗಿ ಕಳಚುವುದು, ಬಿದ್ದ ಮೇಲೂ ಬಳಕೆಗೆ ಬರುವುದು, ಎರಡೂ ಸರಿಹೊಂದಿದವು. ಒಂದೇ ತೊಡಕು. ಹಾಳೆ ಎಂದರೆ ಅಡಿಕೆಯದೇ, ಇಲ್ಲವೇ ಕಾಗದದ್ದು. ಕರಾವಳಿಯ ಓದುಗರಿಗೆ ಇನ್ನೊಂದು ಬಳಚಿನ ಕಥೆಯಾದೀತು.

ಉಳಿದದ್ದು ‘ಪೊರೆ’. ನನ್ನ ಒಲವು ಇದರ ಕಡೆಗೆ. ಹಾವು ಪೊರೆ ಬಿಟ್ಟರೆ ಹಾವು ಸತ್ತಿತು ಎಂದು ಯಾರೂ ತಿಳಿಯುವುದಿಲ್ಲ, ನಮಗೆ ಬೇಕಾದದ್ದು ಅದೇ. ಆಕ್ಷೇಪವೂ ಇದೆ: ಪೊರೆ ಎಂದರೆ ತೆಳ್ಳಗಿನ ಪದರ, ಕಣ್ಣಿಗೆ ಬರುವ ಪೊರೆಯಂತೆ. ಕಾಲು ಮೀಸೆಗಳಿರುವ ಗಟ್ಟಿ ಕವಚಕ್ಕೆ ಅದು ಒಪ್ಪುತ್ತದೆಯೇ? ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಒಪ್ಪುತ್ತದೆ ಎನ್ನುತ್ತಾರೆ. ಇಂಥ ಚಿಕ್ಕ ಸಿಗಡಿಯ ಕವಚ ಒದ್ದೆಯಾಗಿದ್ದಾಗ ಈರುಳ್ಳಿಯ ಒಳಪದರದಷ್ಟು ನವಿರು.

ಇಲ್ಲಿ ಒಂದು ಉಪಪ್ರಶ್ನೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ಹಾವೇ ಬದಲಾದ ಮೇಲೆ ಅದರ ಪೊರೆ ಏಕೆ ‘ಹೊರೆ’ ಎಂದು ಬಳಕೆಯಲ್ಲಿ ನೆಲೆಯೂರಲಿಲ್ಲ? ಹೊರುವ ಹೊರೆಯ ಜೊತೆ ಗೊಂದಲವಾಗುತ್ತದೆ ಎಂದಿರಬಹುದೇ? ಆ ಹೊರೆಗೆ ಹಳಗನ್ನಡದಲ್ಲಿ ಬೇರೆ ರೇಫ, ಅಂದರೆ ‘ಱ’ ಎಂಬ ಇನ್ನೊಂದು ರಕಾರ: ಪೊಱೆ. ಸಲಹು ಎಂಬ ಅರ್ಥದ ‘ಪೊರೆ’ ಮಾತ್ರ ‘ಹೊಟ್ಟೆ ಹೊರೆ’ಯಲ್ಲಿ ಬದಲಾಗಿ ಕುಳಿತಿದೆ. ನನ್ನದು ಊಹೆ, ವ್ಯಾಕರಣ ಓದಿದವರು ತಿದ್ದಲಿ.

ಕ್ರಿಯಾಪದ ಯಾವುದು ಎಂಬುದೂ ನನ್ನನ್ನು ಕಾಡಿತು. ಬಿಡುವುದೋ, ಕಳಚುವುದೋ? ಒಂದು ರಾತ್ರಿ ಟಾರ್ಚ್ ಹಿಡಿದು ಕುಳಿತಾಗ ಅದೃಷ್ಟಕ್ಕೆ ಕಣ್ಣೆದುರೇ ನಡೆಯಿತು. ಸಿಗಡಿ ಮಾಸಿನ ಎಳೆಯೊಂದನ್ನು ಹಿಡಿದು ಅಲುಗಾಡದೆ ನಿಂತಿತ್ತು. ಬೆನ್ನಿನ ಮೇಲೆ, ತಲೆಯ ಕವಚ ಮುಗಿದು ಹೊಟ್ಟೆಯ ಪಟ್ಟಿಗಳು ಶುರುವಾಗುವಲ್ಲಿ, ಒಂದು ಬಿರುಕು ಬಿಳಿಯಾಗಿ ಕಂಡಿತು. ಮೈಯನ್ನು ಬಿಲ್ಲಿನಂತೆ ಬಾಗಿಸಿತು. ಒಮ್ಮೆ ಜಾಡಿಸಿತು, ಎರಡನೆಯ ಸಲ ಚಿಮ್ಮಿತು. ಸಿಗಡಿ ಒಂದು ಗೇಣು ಆಚೆ ಬಿದ್ದಿತ್ತು, ಅದರ ಆಕಾರ ಮಾತ್ರ ಎಳೆಯನ್ನು ಹಿಡಿದುಕೊಂಡೇ ಇತ್ತು. ಹೊರಬಂದದ್ದು ಕಾಲುಗಳನ್ನು ಒಂದೊಂದಾಗಿ ಚಾಚಿ, ಗಿಡದ ಬುಡಕ್ಕೆ ಸೇರಿಕೊಂಡಿತು. ಮೈ ಮೆತ್ತಗಿರುವ ಒಂದೆರಡು ದಿನ ಅದು ಮೀನುಗಳ ಕಣ್ಣಿಗೆ ಬೀಳುವುದಿಲ್ಲ. ತೊಟ್ಟಿಯಲ್ಲಿ ಗಿಡ ದಟ್ಟವಾಗಿರಬೇಕು ಎನ್ನುವುದು ಅದಕ್ಕೇ. ಅದನ್ನು ಕಂಡ ಮೇಲೆ ‘ಬಿಡು’ ನನಗೆ ಸಪ್ಪೆ ಎನಿಸಿತು. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ಭುಜಕೀರ್ತಿ ಕಳಚುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ‘ಪೊರೆ ಕಳಚಿತು’ ಎಂದು ಬರೆಯುತ್ತಿದ್ದೇನೆ.

ಕಳಚಲಾಗದೆ ಸಾಯುವುದೂ ಇದೆ. ಬಿರುಕು ಬೆನ್ನಿನಲ್ಲಷ್ಟೇ ನಿಲ್ಲದೆ ಮೈಸುತ್ತ ಬಿಳಿ ಉಂಗುರದಂತೆ ಹರಡಿದರೆ ಸಿಗಡಿಗೆ ಹೊರಬರುವ ಹಿಡಿತ ಸಿಗುವುದಿಲ್ಲ. ನೀರಿನಲ್ಲಿ ಖನಿಜ ಕಡಿಮೆಯಾಗಿದ್ದರೆ, ಅಥವಾ ಒಮ್ಮೆಲೇ ಅರ್ಧ ತೊಟ್ಟಿ ನೀರು ಬದಲಿಸಿದರೆ ಹೀಗಾಗುತ್ತದೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಭಾಗ, ಅದೇ ಬಿಸಿಯ ನೀರು, ಅಷ್ಟೇ ಸಾಕು. ಇದನ್ನು ‘ಬಿಳಿ ಉಂಗುರ’ ಎಂದೇ ಬರೆದಿದ್ದೇನೆ. ಒಳ್ಳೆಯ ಪದ ಇದ್ದರೆ ಹೇಳಿ.

ಪ್ರಾಣಿಯ ಹೆಸರಿನ ವಿಷಯದಲ್ಲಿ ನನಗೆ ಜಗಳವಿಲ್ಲ. ಸಿಗಡಿ, ಸೀಗಡಿ ಎರಡೂ ಪತ್ರಿಕೆಗಳಲ್ಲಿ ನಡೆಯುತ್ತವೆ. ಅಂಕೋಲೆಯ ಕಡೆ ಶೆಟ್ಲಿ, ಭಟ್ಕಳ ದಾಟಿ ಕುಂದಾಪುರದತ್ತ ಹೋದರೆ ಚಟ್ಲಿ, ಕೊಂಕಣಿಯಲ್ಲಿ ಸುಂಗಟ, ತುಳುವಿನಲ್ಲಿ ಎಟ್ಟಿ. ಇವೆಲ್ಲ ಬಾಯಲ್ಲಿ ನೀರೂರಿಸುವ ಹೆಸರುಗಳು. ಸಾಕುವ ಪ್ರಾಣಿಗೆ ‘ಸಿಗಡಿ’ಯ ನಿರ್ಲಿಪ್ತತೆಯೇ ಒಳ್ಳೆಯದು.

‘ಪಾಚಿ’ಯ ಪಾಡು ಮಾತ್ರ ಇದಕ್ಕಿಂತ ಕಷ್ಟ. ಗಾಜಿನ ಮೇಲೆ ಕಟ್ಟುವ ಹಸಿರು ಲೋಳೆಯೂ ಪಾಚಿ, ಮಳೆಗಾಲದ ಪಾಗಾರದ ಮೇಲೆ ಮಖಮಲ್ಲಿನಂತೆ ಬೆಳೆಯುವುದೂ ಪಾಚಿ. ಮೊದಲನೆಯದಕ್ಕೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಎರಡನೆಯದು ಪುಟ್ಟ ಎಲೆಗಳಿರುವ ಗಿಡ, ಜಾವಾ ಮಾಸ್ ಆ ಜಾತಿಯದು. “ಪಾಚಿ ಹೆಚ್ಚಾದರೆ ಒರೆಸಿ ತೆಗೆ” ಎಂದು ಬರೆದಿದ್ದೆ. ಪುಣ್ಯಕ್ಕೆ ಅಳಿಯ, “ನೀವೇ ಕೊಟ್ಟದ್ದನ್ನು ತೆಗೆಯಬೇಕೆ?” ಎಂದು ಮೊದಲೇ ಕೇಳಿದ. ಮೊದಲನೆಯದಕ್ಕೆ ಪಾಚಿಯನ್ನೂ ಎರಡನೆಯದಕ್ಕೆ ಹಾವಸೆಯನ್ನೂ ಮೀಸಲಿಡಬಹುದೇ? ಮಾತಿನಲ್ಲಿ ಅವೆರಡೂ ಕಲಸಿಹೋಗಿರುವುದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಮುಖ್ಯ ಪ್ರಶ್ನೆ ಕುಮಟಾ, ಅಂಕೋಲಾ ಕಡೆಯ ಗಜನಿಯವರಿಗೆ. ಕಗ್ಗ ಭತ್ತ ಬೆಳೆಯುವ ಆ ಚೌಳು ಗದ್ದೆಗಳಲ್ಲಿ ಸಿಗಡಿಯೂ ಬೆಳೆಯುತ್ತದೆ. ಪೊರೆ ಕಳಚಿ ಮೆತ್ತಗಾದ ಸಿಗಡಿಗೆ ಬೆಲೆ ಬರುವುದಿಲ್ಲವಾದ್ದರಿಂದ ಹಿಡಿಯುವವರು ಆ ದಿನಗಳನ್ನು ನೋಡಿಕೊಳ್ಳುತ್ತಾರೆ. ದುಡ್ಡಿಗೆ ಸಂಬಂಧಿಸಿದ ಸಂಗತಿಗೆ ಪದವಿಲ್ಲದಿರಲಾರದು. ಕಾರವಾರದ ಮೀನು ಪೇಟೆಯಲ್ಲಿ ಅಳಿಯನಿಂದಲೇ ಕೇಳಿಸಿದೆ. ಮಾರುವ ಅಕ್ಕ ನಕ್ಕು, “ಮೆತ್ತಗಿರುವುದನ್ನು ನಾವು ತರುವುದೇ ಇಲ್ಲ, ಹೆಸರು ಯಾಕೆ?” ಎಂದರಂತೆ. ಗದ್ದೆಯಲ್ಲಿ, ದೋಣಿಯಲ್ಲಿ ಏನನ್ನುತ್ತಾರೆ? ಮೆತ್ತಗಿನ ಏಡಿಗೂ ಅದೇ ಪದವೋ, ಬೇರೆಯೋ?

ಸದ್ಯಕ್ಕೆ ತಿದ್ದಿದ ಸೂಚನೆಯಲ್ಲಿ “ಪೊರೆಯನ್ನು ತೆಗೆಯಬೇಡ” ಎಂದಿದೆ. ಅಳಿಯ ಅದನ್ನು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿ, ‘ಪೊರೆ’ಯ ಮುಂದೆ ಪೆನ್ಸಿಲ್ಲಿನಲ್ಲಿ “ಬಳಚು ಅಲ್ಲ” ಎಂದು ಬರೆದುಕೊಂಡಿದ್ದಾನೆ.