ಸಹಾಯ ಬೇಕು: ಆರೋಪಿಗಳ ಮುಖ ಬರೆಯುತ್ತಿದ್ದೇನೆ, ಕಣ್ಣಿಗೆ ಜೀವ ಬರುತ್ತಿಲ್ಲ

ಮುಂಬೈ ಕನ್ನಡಿಗರಿಗೆಲ್ಲ ನಮಸ್ಕಾರ. ಡೊಂಬಿವಲಿಯಲ್ಲಿದ್ದೇನೆ, ಬ್ಯಾಂಕಿನ ಕೆಲಸ ಮುಗಿಸಿ ರಾತ್ರಿ ಇದ್ದಿಲಿನಲ್ಲಿ ಚಿತ್ರ ಬರೆಯುತ್ತೇನೆ. ಸಿಡ್ನಿಯ ಪೊಲೀಸರು 1910ರಿಂದ 1930ರ ನಡುವೆ ಗಾಜಿನ ಫಲಕಗಳ ಮೇಲೆ ತೆಗೆದ ಆರೋಪಿಗಳ ಫೋಟೋಗಳು ಸದ್ಯ ಹುಚ್ಚು ಹಿಡಿಸಿವೆ. ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿ ಬರ್ಟಿಲಾನ್ ರೂಢಿಗೆ ತಂದ ಎದುರು-ಪಕ್ಕದ ಭಂಗಿಯ ಬಿಗಿ ಅವುಗಳಲ್ಲಿ ಅನೇಕಕ್ಕೆ ಇಲ್ಲ. ಒಬ್ಬನಂತೂ ಜೇಬಿಗೆ ಕೈ ತೂರಿಸಿ, ಟೋಪಿ ಓರೆ ಮಾಡಿಕೊಂಡು ಮದುವೆಮನೆಗೆ ಬಂದವನಂತೆ ನಿಂತಿದ್ದಾನೆ!

ಇದ್ದ ಹಾಗೆಯೇ ಬರೆದರೆ ಠಾಣೆಯ ಗೋಡೆಯ ಭಿತ್ತಿಪತ್ರವಾಗುತ್ತದೆ. ಮೂಗು ಸೊಟ್ಟ ಮಾಡಿ ನೆರಳು ದಟ್ಟವಾಗಿಸಿದರೆ ಬಯಲಾಟದ ರಕ್ಕಸನಾಗುತ್ತಾನೆ. ನಿನ್ನೆ ಎಡಗಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಒರೆಸಿದಾಗ ಕ್ಷಣಕಾಲ ಭಯ ಕಂಡಿತು. ಸುಮ್ಮನಿರಲಾರದೆ ತಿದ್ದಿ ಕೆಡಿಸಿದೆ.

ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು ಯಾರಾದರೂ ಇದ್ದರೆ ಭಾನುವಾರ ಅರ್ಧ ಗಂಟೆ ನನ್ನ ಹಾಳೆಗಳನ್ನು ನೋಡುವಿರಾ? ಮಾಟುಂಗಾದಲ್ಲಿ ಇಡ್ಲಿ, ಕಾಫಿ ನನ್ನ ಖರ್ಚು. ವಕೀಲರಿಗೂ ಒಂದು ಪ್ರಶ್ನೆ: ಇನ್ನೂ ತೀರ್ಪು ಬಾರದ ಇಲ್ಲಿನ ಆರೋಪಿಯ ಮುಖ ಬರೆದು ಪ್ರದರ್ಶನಕ್ಕೆ ಇಡಬಹುದೇ? ನನಗಂತೂ ಮನಸ್ಸಿಲ್ಲ, ಗೆಳೆಯನ ಒತ್ತಾಯ.